ಮೂರನೇ ಬಟ್ಟಲು

"ಹೊಟ್ಟೆಗಿಲ್ಲ ಅಂತ ಅರ್ಜಿ ಹಾಕ್ತೀರಿ, ಹೊಸ್ತಿಲು ನೋಡಿದ್ರೆ ದೊರೆ ಮನೆ ಥರ ಹೊಳೀತಿದೆ. ಯಾರ ಮುಂದೆ ಆಡ್ತೀರಮ್ಮ ಈ ನಾಟಕ?"

ಪಿಲ್ಲಿಂಗ್ ಕೆಸರುಬೂಟಿನಲ್ಲೇ ಆ ಹೊಸ್ತಿಲನ್ನು ತುಳಿದು ಒಳಗೆ ಬಂದ. ಕೆಲಸ ಹೋದವರಿಗೆ ಸರ್ಕಾರ ಕೊಡುವ ವಾರದ ಕಾಸು, ಡೋಲ್, ಕೇಳಿದವರ ಮನೆ ಹೊಕ್ಕು ನೋಡಿ ವರದಿ ಬರೆಯುವುದು ಅವನ ಕೆಲಸ. ಕಂಕುಳಲ್ಲಿ ಕಪ್ಪು ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.

ಬರ್ತಾ ಬೆಳಿಗ್ಗೆ ಐದಕ್ಕೇ ಎದ್ದು ಮಂಡಿಯೂರಿ, ಉಜ್ಜುಕಲ್ಲಿನಿಂದ ಆ ಹೊಸ್ತಿಲನ್ನು ಉಜ್ಜಿದ್ದಳು. ಒಲೆಯ ಕಬ್ಬಿಣಕ್ಕೆ ಮೆರುಗಿನ ಕರಿಮಸಿ ತಿಕ್ಕಿ ಹೊಳಪು ಬರಿಸಿದ್ದಳು. ಮೇಜಿಗೆ ಮದುವೆಯ ಕಾಲದ ಬಟ್ಟೆ ಹಾಸಿದ್ದಳು. ಡಾಕ್ಟರು ಬರಲಿ, ಪಾದ್ರಿ ಬರಲಿ, ಹೆಣ ಹೊರುವವರೇ ಬರಲಿ, ಬಾಬಿನ್ ಬೀದಿಯ ಹೆಂಗಸರು ಉಜ್ಜದ ಹೊಸ್ತಿಲನ್ನು ಯಾರಿಗೂ ತುಳಿಯಗೊಡುತ್ತಿರಲಿಲ್ಲ. ಅವಳ ಅವ್ವನೂ ಹಾಗೇ ಮಾಡಿದ್ದಳು, ಅವ್ವನ ಅವ್ವನೂ ಹಾಗೇ. ಬರುವವನು ಬಡತನ ನೋಡಲು ಬರುತ್ತಾನೆ, ಅವನಿಗೆ ಕಾಣುವಂತೆ ಬೂದಿ ಚೆಲ್ಲಿಡಬೇಕು ಎಂಬುದು ಅವಳ ತಲೆಗೆ ಹೊಳೆದಿರಲೇ ಇಲ್ಲ.

ಪಿಲ್ಲಿಂಗ್ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಮೂಸಿದ.

"ಏನಿದು?"

"ಮೂಳೆ ಸಾರು ಸ್ವಾಮಿ. ಕಟುಕನ ಅಂಗಡಿಯಿಂದ ನಾಯಿಗೆ ಅಂತ ತಂದಿದ್ದು."

"ನಾಯಿ ಎಲ್ಲಿದೆ?"

"ಇಲ್ಲ."

ಒಲೆಯ ಪಕ್ಕ ನಿಂತಿದ್ದ ಅವಳ ಗಂಡ ಸೆತ್ ಟೋಪಿಯನ್ನು ಕೈಯಲ್ಲಿ ಹಿಸುಕುತ್ತ ಕೆಮ್ಮಿದ. ಹತ್ತಿ ಹಿಂಜುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಎದೆ ಅದು. ಕೆಮ್ಮು ಹತ್ತಿದರೆ ಬೇಗ ಬಿಡುತ್ತಿರಲಿಲ್ಲ. ಪಿಲ್ಲಿಂಗ್ ಅದು ಮುಗಿಯುವವರೆಗೂ ಕಾಯದೆ, ಕೇಳದೆ ಬೇಡದೆ, ಮಹಡಿಯ ಮೆಟ್ಟಿಲು ಹತ್ತಿದ. ಬರ್ತಾ ಹಿಂದೆಯೇ ಓಡಿದಳು.

"ಈ ಮಂಚ ಯಾರದು?"

"ಮಗಳದು. ಐವೀದು."

ಮಂಚದ ಕಾಲ ಬಳಿ ಇದ್ದ ಪೆಟ್ಟಿಗೆಯನ್ನು ಅವನು ತೆರೆದ. ಪೆನ್ಸಿಲ್ಲಿನ ತುದಿಯಿಂದ ಹುಡುಗಿಯ ಒಳಲಂಗವೊಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಹೊಸದಾ?"

"ಹಿಟ್ಟಿನ ಚೀಲದಲ್ಲಿ ಹೊಲಿದಿದ್ದು ಸ್ವಾಮಿ. ನೋಡಿ, ಹಿಟ್ಟಿನ ಗಿರಣಿ ಹೆಸ್ರು ಇನ್ನೂ ಹೋಗಿಲ್ಲ."

ಅವನು ಆ ಹೆಸರನ್ನು ಬಾಯಿಬಿಟ್ಟು ಓದಿ ನಕ್ಕ. ಬರ್ತಾಳ ಕಿವಿಯ ತುದಿ ಸುಟ್ಟುಹೋದಂತಾಯಿತು.

ಕೆಳಗೆ ಬಂದವನು ಮದುವೆಯ ಮೇಜುಬಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ಬರೆದದ್ದನ್ನು ಬಾಯಲ್ಲೂ ಹೇಳಿದ. "ಮನೆ ಚೊಕ್ಕಟ. ಕಷ್ಟದ ಗುರುತು ಕಾಣಲಿಲ್ಲ. ಮಗಳು ಮಾಂಸದ ಪೈ ಕಡುಬು ಮಾರುವ ಅಂಗಡಿಯಲ್ಲಿ ದುಡಿಯುತ್ತಾಳೆ."

"ಹದಿನೇಳು ವರ್ಷದ ಮಗು ಸ್ವಾಮಿ," ಎಂದ ಸೆತ್. "ತಟ್ಟೆ ತೊಳೀತಾಳೆ."

"ಈ ಸೂರಿನಡಿ ಇರೋವರೆಗೂ ಅವಳ ಸಂಬಳ ನಿನ್ನ ಸಂಬಳಾನೇ. ಮಗಳ ಕೈಯಲ್ಲಿ ಉಣ್ಣೋ ಗಂಡಸಿಗೆ ಸರ್ಕಾರ ಯಾಕಪ್ಪ ಉಣ್ಣಿಸ್ಬೇಕು? ಅವಳು ಬೇರೆ ಕಡೆ ಇದ್ರೆ ಆ ಮಾತು ಬೇರೆ. ಗುರುವಾರ ಕಮಿಟಿ ಮುಂದೆ ಬಂದು ಹೇಳ್ಕೊಳ್ಳಿ."

ಅವನು ಹೋದಮೇಲೆ ಪಕ್ಕದ ಮನೆಯ ಫೀಬಿಯಜ್ಜಿ ಬಂದು, ಹೊಸ್ತಿಲ ಮೇಲಿನ ಬೂಟಿನ ಗುರುತು ನೋಡಿ ತಲೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಮನೆ ಕಾಯ್ವಾಗ! ಬಾಯಿ ಒಣಗಿಸ್ಕೊಂಡು, ಕೂದಲು ಕೆದರ್ಕೊಂಡು ಕುಂತ್ಕೊಳ್ಳೋದು ಬಿಟ್ಟು ಒಲೆಗೆ ಮಸಿ ಬಳಿದು ಹೊಳಪು ಹಾಕ್ದಾ? ನಾನೂ ಹಂಗೇ ಮಾಡಿ ಕೆಟ್ಟೆ ಕಣೇ. ಮುಂದಿನ ಸಲ ಆ ಬೋಳಿಮಗ ಬಂದಾಗ ಉಚ್ಚೆ ಮಡಕೇನ ಬಾಗಿಲಲ್ಲೇ ಇಡು."

ಇಬ್ಬರೂ ನಕ್ಕರು. ನಕ್ಕು ಮುಗಿದಮೇಲೆ ಬರ್ತಾ ಮತ್ತೆ ಮಂಡಿಯೂರಿ ಆ ಬೂಟಿನ ಗುರುತನ್ನು ಉಜ್ಜಿದಳು.

ಅದು ಮೂವತ್ತೊಂದನೇ ಇಸವಿಯ ನವೆಂಬರ್. ಲಂಡನ್ನಿನಿಂದ ಬಡಗಣಕ್ಕಿದ್ದ ಕ್ಲೆಗ್‌ಶಾ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿ ಒಂದೂವರೆ ವರ್ಷವಾಗಿತ್ತು. ಊರಿನ ಮೇಲಿನ ಹೊಗೆ ಹೋಗಿ ದೂರದ ಗುಡ್ಡಗಳು ಕಾಣತೊಡಗಿದ್ದವು. ಕಾಣುವ ಗುಡ್ಡದಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಬರ್ತಾ ಇಪ್ಪತ್ತೆರಡು ವರ್ಷ ನಾಲ್ಕು ಮಗ್ಗ ನೋಡಿಕೊಂಡವಳು. ಹಿಂದೂಸ್ತಾನಕ್ಕೆ ಹೋಗುವ ಧೋತರ ನೇಯುತ್ತಿದ್ದಳು. ಕೆಂಪಂಚು, ಹಸಿರಂಚು, ಎರಡೆಳೆಯ ಕರಿಯಂಚು. ಉಡುವವನ ಮುಖವನ್ನು ಒಂದು ದಿನವೂ ಕಂಡಿರಲಿಲ್ಲ. ಗಿರಣಿ ನಿಂತ ಮೇಲೆ, ಮದುವೆಯಾದ ಹೆಂಗಸಿಗೆ ಗಂಡನಿದ್ದಾನೆ ಎಂದು ಹೊಸ ಕಾನೂನು ತಂದು ಅವಳ ಡೋಲ್ ನಿಲ್ಲಿಸಿದರು. ದೇಶದ ಖರ್ಚು ಮಿತಿಮೀರಿದೆ ಎಂದು ಗಂಡಸರ ಡೋಲಿನಲ್ಲೂ ಹತ್ತರಲ್ಲೊಂದು ಪಾಲು ಕೊಯ್ದರು. ಉಳಿದದ್ದಕ್ಕೆ ಈಗ ಪಿಲ್ಲಿಂಗ್ ಬಂದಿದ್ದ.

ಭಾನುವಾರ ಸೆತ್‌ನ ತಮ್ಮ ಎನಾಕ್ ಬಂದ. ಹಿಂದೆ ಬರ್ತಾಳ ಮಗ್ಗಗಳಿಗೆ ಅವನೇ ಮೇಸ್ತ್ರಿ. ಈಗ ಪ್ರಾರ್ಥನಾ ಮಂದಿರದಲ್ಲಿ ಹಿರಿಯ, ಊರಿನ ಕೌನ್ಸಿಲಿನಲ್ಲಿ ಮೆಂಬರು. ಡೋಲ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಕಮಿಟಿಯಲ್ಲಿ ದುಡಿಯುವವರ ಕಡೆಯ ಒಂದು ಕುರ್ಚಿ ಅವನದು. ಅವನು ಕೂತ, ಚಹಾ ಕುಡಿದ, ಗಂಟಲು ಸರಿಮಾಡಿಕೊಂಡ.

"ಅಣ್ಣ, ಸಿಟ್ಟು ಮಾಡ್ಕೋಬೇಡ. ಲಂಡನ್ ಖಜಾನೇಲಿ ಚಿನ್ನ ಸೋರಿ ಹೋಗ್ತಾ ಐತೆ. ದೇಶ ಮುಳುಗಿದ್ರೆ ನಾವೆಲ್ಲ ಮುಳುಗ್ತೀವಿ. ಎಲ್ರೂ ಹೊಟ್ಟೆ ಬಿಗಿ ಹಿಡೀಬೇಕು."

"ನೀ ಹಿಡ್ದಿದ್ದೀಯೇನ್ಲಾ?" ಎಂದ ಸೆತ್. "ಹೊಟ್ಟೆ ಮೇಲೆ ಬಿಗಿದಿರೋ ನಿನ್ನ ಕೋಟಿನ ಗುಂಡಿ ಆ ಕಡೆ ತಿರುಗಿಸ್ಕೊ. ಕಿತ್ಕೊಂಡು ನನ್ನ ಕಣ್ಣಿಗೆ ಬಡೀತದೆ."

ಐವಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಎನಾಕ್‌ಗೆ ನಗು ಬರಲಿಲ್ಲ.

"ತಮಾಷೆ ಅಲ್ಲಣ್ಣ. ಸರ್ಕಾರ ಖರ್ಚು ಕಮ್ಮಿ ಮಾಡಿದ್ರೆ ವ್ಯಾಪಾರ ಏಳ್ತದೆ. ವ್ಯಾಪಾರ ಎದ್ರೆ ಗಿರಣಿ ತೆರೀತಾರೆ. ಅದಕ್ಕೇ ನಾ ಹೋದ ತಿಂಗಳು ಈ ಸರ್ಕಾರಕ್ಕೆ ಓಟು ಹಾಕಿದ್ದು. ಹಂಗನ್ನಕ್ಕೆ ನಂಗೇನೂ ನಾಚಿಕೆ ಇಲ್ಲ."

"ಲೇ, ನನ್ನತ್ರ ಅಂಗಿ ತಗಳಕ್ಕೆ ಕಾಸಿಲ್ಲ. ಈ ಬೀದೀಲಿ ಯಾವನತ್ರಾನೂ ಇಲ್ಲ. ನಮ್ಮ ಡೋಲೂ ಕೊಯ್ದ ಮ್ಯಾಲೆ ಅಂಗಿ ಕೊಳ್ಳೋನು ಯಾರು, ನಿಮ್ಮಪ್ಪನಾ? ಕೊಳ್ಳೋರಿಲ್ದೆ ಗಿರಣಿ ಯಾವ ಮುಕ್ಳಿಗೆ ತೆರೀತಾರ್ಲಾ?"

"ನಿಮ್ಮಪ್ಪ ಅಂದ್ರೆ ನಿಂಗೂ ಅಪ್ಪನೇ ಕಣಣ್ಣ." ಎನಾಕ್ ಚಹಾದ ಬಟ್ಟಲನ್ನು ದೂರ ಸರಿಸಿದ. "ಹಿಂದೂಸ್ತಾನದೋರು ನಮ್ಮ ಬಟ್ಟೆ ಮುಟ್ಟಲ್ಲ ಅಂತ ಹಟ ಹಿಡ್ದು ಕುಂತವ್ರೆ. ಅದಕ್ಕೆ ಸರ್ಕಾರ ಏನು ಮಾಡಕ್ಕಾಯ್ತದೆ?"

ಅವನು ಸರಿಸಿದ ಬಟ್ಟಲನ್ನು ಬರ್ತಾ ಎತ್ತಿಕೊಂಡಳು. "ನಾ ನೇಯ್ದ ಧೋತರ ಅವ್ರು ಉಡ್ತಿದ್ದಾಗ ಅವ್ರ ಮಗ್ಗದೋರು ಏನು ತಿಂತಿದ್ರು ಎನಾಕ್? ನಾವು ಯಾರಾದ್ರೂ ಕೇಳಿದ್ವಾ? ಈಗ ನಾವು ಏನು ತಿಂತೀವಿ ಅಂತ ಅವ್ರು ಯಾಕೆ ಕೇಳ್ತಾರೆ? ಅವ್ರ ಸುದ್ದಿ ಬಿಡು. ನನ್ನ ಮಗಳ ಸುದ್ದಿ ಹೇಳು."

ಎನಾಕ್ ನೆಲ ನೋಡಿದ. "ಅತ್ತಿಗೆ, ಹುಡುಗಿ ಬೇರೆ ಮನೇಲಿ ಇದ್ರೆ ಅಣ್ಣಂಗೆ ಡೋಲ್ ಸಿಗ್ತದೆ. ಊರಲ್ಲಿ ಎಲ್ರೂ ಅದೇ ಮಾಡ್ತಾವ್ರೆ."

"ನಾ ಹೋಗ್ತೀನಿ ಬಿಡವ್ವ," ಎಂದಳು ಐವಿ. "ಕೆಳಬೀದಿ ವಿಧವೆ ಮೇಬಲ್ಲು ಒಂದು ಮೂಲೆ ಕೊಡ್ತಾಳಂತೆ. ಕೇಳಿದೀನಿ."

"ನೀ ಬಾಯ್ಮುಚ್ಕೊಂಡು ರೊಟ್ಟಿ ತಿನ್ನು."

ಬರ್ತಾ ಮೂವರನ್ನು ಹೆತ್ತವಳು. ಇಬ್ಬರನ್ನು ಗುಡ್ಡದ ಕೆಳಗಿನ ಮಣ್ಣಿಗೆ ಕೊಟ್ಟಿದ್ದಳು, ಒಂದೇ ವರ್ಷದ ಚಳಿಗಾಲದಲ್ಲಿ. ಉಳಿದ ಒಂದನ್ನು ಕಾಗದದ ಮೇಲೆ ಬರೆದು ಮನೆಯಿಂದ ಹೊರಹಾಕುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ಹೊರಡುವಾಗ ಎನಾಕ್ ಬಾಗಿಲಲ್ಲಿ ನಿಂತು ಅವಳಿಗೆ ಮಾತ್ರ ಕೇಳುವಂತೆ ಹೇಳಿದ. "ಗುರುವಾರ ಮೆತ್ತಗೆ ಮಾತಾಡು ಅತ್ತಿಗೆ. ಸ್ವಲ್ಪ ಅಳು. ಅವ್ರಿಗೆ ಹೆಂಗಸ್ರು ಅತ್ರೆ ಸರಿ ಬರ್ತದೆ."

ಕಮಿಟಿಯ ಕೋಣೆಗೆ ಗಾಜಿನ ಬಾಗಿಲು. ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಇಪ್ಪತ್ತು ಇಪ್ಪತ್ತೈದು ಹೆಂಗಸರು ಸರದಿ ಕಾಯುತ್ತಿದ್ದರು. ಎಲ್ಲರೂ ಮಗ್ಗದವರೇ. ಎಲ್ಲರೂ ಮಾತಾಡುತ್ತಿದ್ದರು, ಸದ್ದು ಮಾತ್ರ ಇರಲಿಲ್ಲ. ಆರುನೂರು ಮಗ್ಗ ಒಟ್ಟಿಗೆ ಬಡಿಯುವ ಜಾಗದಲ್ಲಿ ಕಿವಿಗೆ ಕೆಲಸವಿಲ್ಲ. ನೇಯುವವರು ತುಟಿ ಅಗಲಿಸಿ ಆಡುತ್ತಾರೆ, ಕಣ್ಣಿನಿಂದ ಕೇಳುತ್ತಾರೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ, ಯಾರು ಬಸುರಿ, ಯಾರು ಯಾರ ಜೊತೆ ಓಡಿದರು ಎಂಬುದೆಲ್ಲ ಹಾಗೇ ಹರಿದಾಡುತ್ತಿತ್ತು. ಗಿರಣಿ ನಿಂತರೂ ಆ ಅಭ್ಯಾಸ ನಿಂತಿರಲಿಲ್ಲ.

ಸೆತ್ ಬಂದಿರಲಿಲ್ಲ. ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಕೆಮ್ಮು ಹತ್ತಿ ಕೂತವನು ಏಳಲಾಗಿರಲಿಲ್ಲ. ಬರ್ತಾ ಒಬ್ಬಳೇ ಒಳಗೆ ಹೋದಳು. ಕೂರಲು ಯಾರೂ ಹೇಳಲಿಲ್ಲ.

ಉದ್ದನೆಯ ಮೇಜಿನ ಆ ತುದಿಯಲ್ಲಿ ಅಧ್ಯಕ್ಷ ಗ್ರಿಮ್‌ಶಾ, ಕಲ್ಲಿದ್ದಲ ವ್ಯಾಪಾರಿ. ಅವನ ಪಕ್ಕದಲ್ಲಿ ಪಾದ್ರಿ. ಇನ್ನಿಬ್ಬರು ಯಾರೋ ಅಂಗಡಿಯವರು. ಕೊನೆಯಲ್ಲಿ ಎನಾಕ್. ಪಿಲ್ಲಿಂಗ್ ಎದ್ದು ತನ್ನ ವರದಿ ಓದಿದ. ಹೊಳೆಯುವ ಹೊಸ್ತಿಲು, ಮೇಜಿನ ಮೇಲಿನ ಬಟ್ಟೆ, ಮಾಂಸದ ಸಾರು.

"ಮಾಂಸದ್ದಲ್ಲ ಸ್ವಾಮಿ, ಮೂಳೇದು," ಎಂದಳು ಬರ್ತಾ.

"ಕೇಳಿದಾಗ ಮಾತಾಡು," ಎಂದ ಗ್ರಿಮ್‌ಶಾ. "ಗಂಡ ಎಲ್ಲಿ?"

"ಎದೆ ನೋವು. ಮಲಗವ್ರೆ."

"ಡೋಲ್ ತಗೊಳ್ಳೋ ದಿನ ಎದೆ ನೋಯಲ್ಲ ಅಲ್ವಾ?"

ಅಂಗಡಿಯವರು ನಕ್ಕರು. ಎನಾಕ್ ಕಾಗದ ತಿರುವಿದ.

"ಸ್ವಾಮಿ, ಮಗಳ ಸಂಬಳ ಅವಳ ಚಪ್ಪಲಿ ಸವೆತಕ್ಕೂ ಸಾಲಲ್ಲ. ಅದನ್ನ ಅಪ್ಪನ ಲೆಕ್ಕಕ್ಕೆ ಹಾಕ್ಬೇಡಿ. ಅವಳು ಮನೇಲೇ ಇರ್ಲಿ. ಅಷ್ಟೇ ನಾ ಕೇಳೋದು. ಕಮ್ಮಿ ಕೊಡಿ, ಬೇಕಾದ್ರೆ ಅರ್ಧ ಕೊಡಿ. ಹುಡುಗೀನ ಹೊರಗೆ ಹಾಕಿಸ್ಬೇಡಿ."

ಗ್ರಿಮ್‌ಶಾ ಪಾದ್ರಿಯ ಕಡೆಗೆ ವಾಲಿ ಏನೋ ಪಿಸುಗುಟ್ಟಿದ. ಮೇಜು ಉದ್ದವಿತ್ತು, ಅವನ ದನಿ ಮೂರು ಅಡಿ ದಾಟುವಂತಿರಲಿಲ್ಲ. ಆದರೆ ಕಿಟಕಿಯ ಬೆಳಕು ನೇರ ಅವನ ಬಾಯಿಯ ಮೇಲೆ ಬಿದ್ದಿತ್ತು. ಬರ್ತಾ ಅವನ ತುಟಿಗಳನ್ನು ನೋಡಿದಳು.

ಮೇಜಿನ ಕೊನೆಯಲ್ಲಿದ್ದ ಎನಾಕ್‌ಗೆ ಅವಳು ಏನು ಮಾಡುತ್ತಿದ್ದಾಳೆಂದು ಗೊತ್ತಾಯಿತು. ಇಡೀ ಕಮಿಟಿಯಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ. ಅವನು ಪಕ್ಕದವರಿಗೆ ಕಾಣದಂತೆ ಬಾಯಿಗೆ ಅಂಗೈ ಅಡ್ಡ ಹಿಡಿದು, ಸದ್ದಿಲ್ಲದೆ ತುಟಿ ಆಡಿಸಿದ. ಹುಡುಗಿ ಹೋದ್ಲು ಅನ್ನು ಅತ್ತಿಗೆ. ಆಗಲೇ ಹೋದ್ಲು ಅಂದ್ಬಿಡು. ನಿನ್ನ ಕಾಲಿಗೆ ಬೀಳ್ತೀನಿ, ಬೇರೆ ಏನೂ ಅನ್ಬೇಡ.

ಬರ್ತಾ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಅಧ್ಯಕ್ಷನ ಕಡೆಗೆ ತಿರುಗಿ, ಬೈಬಲ್ಲು ಓದುವ ಹಾಗೆ ನಿಧಾನವಾಗಿ, ಗಟ್ಟಿಯಾಗಿ ಹೇಳತೊಡಗಿದಳು.

"'ಪೈ ಅಂಗಡೀಲಿ ಆ ಹುಡುಗೀನ ನೋಡಿದೀನಿ ಫಾದರ್. ಮೈಕೈ ತುಂಬ್ಕೊಂಡಿದೆ. ಹೊರಗೆ ಹಾಕಿದ್ರೆ ಉಪವಾಸ ಬೀಳಲ್ಲ ಅದು. ಬಟ್ಟೆ ನೇಯೋಕೆ ಬಾರದಿದ್ರೂ ಬಟ್ಟೆ ಬಿಚ್ಚೋಕೆ ಬರುತ್ತೆ.' ಹಂಗಂದ್ರಿ ನೀವು. ಫಾದರ್ ಏನಂದ್ರು ಗೊತ್ತಾ? 'ಛೆ ಛೆ' ಅಂದ್ರು. ಅಂದು ನಕ್ರು."

ಗ್ರಿಮ್‌ಶಾನ ಕತ್ತು ಕಾಲರಿನಿಂದ ಮೇಲಕ್ಕೆ ಕೆಂಪಗಾಯಿತು. ಪಾದ್ರಿ ತನ್ನ ಬಾಯಿಯನ್ನು ಮುಟ್ಟಿ ನೋಡಿಕೊಂಡ, ಅಲ್ಲಿಂದ ಏನೋ ಬಿದ್ದುಹೋದ ಹಾಗೆ.

"ಸುಳ್ಳು! ಈ ಹೆಂಗಸಿಗೆ ತಲೆ ಕೆಟ್ಟಿದೆ," ಎಂದ ಅಧ್ಯಕ್ಷ.

"ನಿಮ್ಮ ಮೆಂಬರನ್ನೇ ಕೇಳಿ. ಅವ್ನೂ ಗಿರಣಿಯೋನೇ. ಏನಪ್ಪ ಎನಾಕ್, ನಾ ಓದಿದ್ರಲ್ಲಿ ತಪ್ಪೇನಾದ್ರೂ ಐತಾ?"

ಎನಾಕ್ ತನ್ನ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ.

ಬರ್ತಾ ಗಾಜಿನ ಬಾಗಿಲಿನ ಕಡೆ ತಿರುಗಿದಳು. ಬೆಂಚಿನ ಮೇಲಿದ್ದ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಅವಳು ತುಟಿ ಅಗಲಿಸಿ, ಒಂದು ಚೂರೂ ಸದ್ದಿಲ್ಲದೆ, ಅಧ್ಯಕ್ಷ ಆಡಿದ್ದನ್ನೆಲ್ಲ ಅವರಿಗೆ ಒಪ್ಪಿಸಿದಳು. ಮೊದಲು ಫೀಬಿಯಜ್ಜಿ ಎದ್ದಳು. ಅವಳ ಹಿಂದೆ ಬೆಂಚೇ ಎದ್ದಿತು. ಗಾಜಿಗೆ ಮುಖ ಒತ್ತಿಕೊಂಡು ಅಷ್ಟೂ ಬಾಯಿಗಳು ಒಟ್ಟಿಗೆ ಆಡತೊಡಗಿದವು. ಒಳಗಿದ್ದವರಿಗೆ ಏನೂ ಕೇಳಿಸಲಿಲ್ಲ. ಗ್ರಿಮ್‌ಶಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡ.

"ಏನಂತಾರೆ ಅವರು?" ಎಂದು ಎನಾಕ್‌ನನ್ನು ಕೇಳಿದ. "ಏನಂತಾರೆ ಹೇಳಯ್ಯ!"

ಎನಾಕ್ ಗಾಜಿಗೆ ಬೆನ್ನು ಹಾಕಿದ. ಅವರ ಮಾತಿನಲ್ಲಿ ಅರ್ಧ ಅವನನ್ನು ಕುರಿತೇ ಆಗಿತ್ತು.

ಪೊಲೀಸನನ್ನು ಕರೆಸಿ ಮೊಗಸಾಲೆ ಖಾಲಿ ಮಾಡಿಸಿದರು. ತೀರ್ಮಾನ ಅರ್ಧ ನಿಮಿಷದಲ್ಲಿ ಆಯಿತು. ಹುಡುಗಿ ಆ ಮನೆಯಲ್ಲಿ ಮಲಗಿದರೆ, ಇಲ್ಲವೇ ಆ ಮನೆಯ ಮೇಜಿನ ಮೇಲೆ ಉಂಡರೆ, ಅಪ್ಪನಿಗೆ ಒಂದು ಬಿಡಿಗಾಸೂ ಇಲ್ಲ. ಪಿಲ್ಲಿಂಗ್ ಹೋಗಿ ನೋಡುತ್ತಿರಬೇಕು. ಒಪ್ಪಿಗೆಯವರು ಕೈ ಎತ್ತಿ ಎಂದಾಗ ಐದು ಕೈ ಎದ್ದವು. ಐದನೆಯದು ನಿಧಾನಕ್ಕೆ ಎದ್ದಿತು.

ಮರುದಿನ ಬರ್ತಾ ನೀರಿಗೆ ಹೋಗಿ ಬರುವಷ್ಟರಲ್ಲಿ ಐವಿ ಪೆಟ್ಟಿಗೆ ಹೊತ್ತು ಹೋಗಿಬಿಟ್ಟಿದ್ದಳು. ಸೆತ್ ಒಲೆಯ ಮುಂದೆ ಕೂತಿದ್ದ.

"ತಡೀಲಿಲ್ವಾ ನೀನು?"

"ತಡೆದೆ. 'ನೀ ಸತ್ರೆ ನಾ ಯಾರಿಗೋಸ್ಕರ ಮನೇಲಿರ್ಲಿ ಅಪ್ಪ' ಅಂದ್ಲು." ಅವನು ಒಲೆಯನ್ನು ಕೆದಕಿದ. ಅದರಲ್ಲಿ ಕೆಂಡವಿರಲಿಲ್ಲ. "ಕೈ ಬಿಟ್ಟೆ."

ಸೆತ್‌ಗೆ ಡೋಲ್ ಬಂತು. ಐವಿಯ ಸಂಬಳ ಮೇಬಲ್ಲಳ ಮೂಲೆಯ ಬಾಡಿಗೆಗೆ ಹೋಯಿತು. ಬರ್ತಾ ದಿನವೂ ಪೈ ಅಂಗಡಿಯ ಮುಂದೆ ಹಾಯುತ್ತಿದ್ದಳು. ಒಳಗೆ ಹೋದರೆ, ಮಗಳ ಸಂಬಳ ಈಸಿಕೊಳ್ಳಲು ಬಂದಳು ಎಂದು ಅಂಗಡಿಯವನು ಪಿಲ್ಲಿಂಗ್‌ಗೆ ಹೇಳುತ್ತಾನೆ. ಹಬೆ ಹಿಡಿದ ಗಾಜಿನ ಆಚೆ ಐವಿ ತೋಳು ಮಡಿಚಿ ತಟ್ಟೆ ತೊಳೆಯುತ್ತಿದ್ದಳು. ಉಂಡ್ಯಾ ಎಂದು ಅವ್ವನ ತುಟಿ ಕೇಳುತ್ತಿತ್ತು. ಹೂಂ, ಹೊಟ್ಟೆ ತುಂಬ, ಎಂದು ಮಗಳ ತುಟಿ ಹೇಳುತ್ತಿತ್ತು. ಮೂರನೇ ವಾರಕ್ಕೆ ಹುಡುಗಿಯ ಕೆನ್ನೆಯ ಮೂಳೆ ಎದ್ದು, ಕಣ್ಣು ಒಳಗೆ ಹೋಗಿತ್ತು. ಗಿರಾಕಿಗಳು ಬಿಟ್ಟ ಪೈ ಅಂಚುಗಳನ್ನು ಅವಳು ಒರೆಸುವ ಬಟ್ಟೆಯಲ್ಲಿ ಸುತ್ತಿ ಲಂಗದೊಳಗೆ ಸೇರಿಸುವುದನ್ನು ಬರ್ತಾ ನೋಡಿದಳು.

ಆ ಶನಿವಾರ ಐವಿ ತೊಟ್ಟಿಯ ಮುಂದೆಯೇ ತಲೆ ಸುತ್ತಿ ಬಿದ್ದಳು ಎಂದು ಫೀಬಿಯಜ್ಜಿ ಬಂದು ಹೇಳಿದಳು.

ಭಾನುವಾರ ಮಧ್ಯಾಹ್ನ, ಊರೆಲ್ಲ ಪ್ರಾರ್ಥನೆ ಮುಗಿಸಿ ಮನೆಗೆ ಹೋಗುವ ಹೊತ್ತಿಗೆ, ಬರ್ತಾ ಕೆಳಬೀದಿಗೆ ಹೋದಳು. ಮೇಬಲ್ಲಳ ಮೂಲೆಯಲ್ಲಿ ಕೋಟು ಹೊದ್ದು ಮಲಗಿದ್ದ ಮಗಳನ್ನು ಎಬ್ಬಿಸಿ ಮನೆಗೆ ಊಟಕ್ಕೆ ಕರೆದಳು.

"ಅವ್ವ, ಬ್ಯಾಡ. ಆ ಪಿಲ್ಲಿಂಗ್ ಭಾನುವಾರ ಊಟದ ಹೊತ್ತಿಗೇ ಬರ್ತಾನೆ. ಎಲ್ರಿಗೂ ಗೊತ್ತು."

"ಬರ್ಲಿ."

ಕದ್ದು ಬರಲು ಹಿತ್ತಲ ಓಣಿ ಇತ್ತು. ಬರ್ತಾ ಮಗಳ ತೋಳು ಹಿಡಿದು ಬೀದಿಯ ನಡುಮಧ್ಯೆ ನಡೆಸಿಕೊಂಡು ಬಂದಳು. ಇಬ್ಬರ ಮರದಟ್ಟೆಯ ಬೂಟುಗಳು ಕಲ್ಲಿನ ಮೇಲೆ ಟಕಟಕ ಬಡಿದವು. ಕಿಟಕಿಯ ಪರದೆಗಳು ಸರಿದವು. ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ.

ಮನೆಯ ಬಾಗಿಲನ್ನು ಬರ್ತಾ ಮುಚ್ಚಲಿಲ್ಲ. ಆಲೂಗಡ್ಡೆ, ಈರುಳ್ಳಿ, ಕುರಿಯ ಕತ್ತಿನ ತುಂಡು ಹಾಕಿ ಬೆಳಿಗ್ಗೆಯಿಂದ ಬೇಯಿಸಿದ್ದ ಗೊಜ್ಜನ್ನು ಇಳಿಸಿದಳು. ಆ ಕತ್ತಿನ ತುಂಡಿಗೆ ಮದುವೆಯ ಮೇಜುಬಟ್ಟೆ ಮಾರಿದ್ದಳು. ಬರಿಯ ಹಲಗೆಯ ಮೇಲೆ ಮೂರು ಬಟ್ಟಲು ಇಟ್ಟಳು. ಸೆತ್ ಒಮ್ಮೆ ಅವಳನ್ನು, ಒಮ್ಮೆ ತೆರೆದ ಬಾಗಿಲನ್ನು ನೋಡಿದ. ಕುರ್ಚಿ ಎಳೆದುಕೊಂಡ.

ಅವರು ಕೂತದ್ದೇ ತಡ, ಹೊಸ್ತಿಲ ಮೇಲೆ ಪಿಲ್ಲಿಂಗ್ ನಿಂತಿದ್ದ. ಕಪ್ಪು ಪುಸ್ತಕ ತೆರೆದಿತ್ತು.

"ಏನಮ್ಮ, ನೆಂಟರಾ?"

"ನನ್ನ ಮಗಳು."

"ನೋಡಿ, ನಾನೇನು ರಾಕ್ಷಸ ಅಲ್ಲ," ಎಂದ ಪಿಲ್ಲಿಂಗ್. "ಸುಮ್ನೆ ಕೂತಿದ್ರೆ ಮಾತಾಡಿಸೋಕೆ ಬಂದಿದ್ಲು ಅಂತ ಬರೀತೀನಿ. ಒಂದು ತುತ್ತು ತಿಂದ್ರೆ ಉಂಡ್ಲು ಅಂತ ಬರೀಬೇಕಾಗತ್ತೆ. ಆಮೇಲೆ ನಿಮಗೆ ಏನೂ ಬರಲ್ಲ. ಚಳಿಗಾಲ ಪೂರ್ತಿ. ಯೋಚನೆ ಮಾಡಿ."

ಬಟ್ಟಲಿನಿಂದ ಹಬೆ ಏಳುತ್ತಿತ್ತು. ಐವಿಯ ಮೂಗಿನ ಹೊಳ್ಳೆ ಅರಳಿತು. ಅವಳ ಕೈ ಚಮಚದವರೆಗೆ ಹೋಗಿ ನಿಂತಿತು. ಅವಳು ಅಪ್ಪನ ಎದೆಯನ್ನು ನೋಡಿದಳು. ಅಂಗಿಯೊಳಗೆ ಅದು ಏರುವುದು, ಇಳಿಯುವುದು, ನಡುವೆ ಎಲ್ಲೋ ಸಿಕ್ಕಿಕೊಳ್ಳುವುದು. ಅವಳು ಕೈಯನ್ನು ಹಿಂದಕ್ಕೆ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡಳು.

"ಹಸಿವಿಲ್ಲವ್ವ."

ಸೆತ್ ಏನೋ ಹೇಳಲು ಹೋಗಿ ಕೆಮ್ಮಿದ. ಕೆಮ್ಮುತ್ತಲೇ ತನ್ನ ಬಟ್ಟಲನ್ನು ಮಗಳ ಕಡೆ ತಳ್ಳಿದ.

ಬರ್ತಾ ಎದ್ದಳು. ಮಗಳ ಕುರ್ಚಿಯ ಪಕ್ಕದಲ್ಲಿ ನಿಂತು, ಚಮಚದಲ್ಲಿ ಗೊಜ್ಜು ತುಂಬಿ, ಊದಿ, ಒಂದು ಕೈಯಿಂದ ಹುಡುಗಿಯ ಗಲ್ಲ ಹಿಡಿದಳು.

"ಬಾಯಿ ತೆಗಿ."

"ಅವ್ವ, ಅಪ್ಪ ಸಾಯ್ತಾನೆ."

"ತೆಗಿ ಅಂದ್ನಲ್ಲ."

ಐವಿ ಅಳುತ್ತ ಬಾಯಿ ತೆರೆದಳು. ನುಂಗಿದಳು. ಬಾಗಿಲಲ್ಲಿ ಪಿಲ್ಲಿಂಗ್ ಪೆನ್ಸಿಲ್ಲಿಗೆ ಉಗುಳು ಹಚ್ಚಿ ಬರೆಯತೊಡಗಿದ. ಬರ್ತಾ ಅವನ ಕಡೆ ತಿರುಗಿಯೂ ನೋಡದೆ ಎರಡನೇ ಚಮಚ ತುಂಬಿ ಊದಿದಳು.